ಓ-ಯು-ಜಿ-ಎಚ್ ಇರುವ ಇಂಗ್ಲಿಷ್ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳು ಹಲವಾರಿವೆ. ಬರಹ ಒಂದೇ ಆದರೂ ಓದುವ ಬಗೆ ಪದದಿಂದ ಪದಕ್ಕೆ ಬದಲಾಗುತ್ತದೆ. ಶಾಲೆಯ ಮಕ್ಕಳು, ಅವರ ತಂದೆತಾಯಿ, ಕೆಲಸದ ಸಂದರ್ಶನಕ್ಕೆ ತಯಾರಾಗುವವರು ಎಲ್ಲರೂ ಇದರಲ್ಲಿ ಒಮ್ಮೆಯಾದರೂ ಸಿಕ್ಕಿಹಾಕಿಕೊಂಡಿರುತ್ತಾರೆ. ಈ ಪುಟದಲ್ಲಿ ಪದಗಳನ್ನು ಉಚ್ಚರಿಸುವಂತೆಯೇ ಕನ್ನಡದಲ್ಲಿ ಬರೆದಿದೆ. ಓ-ಯು-ಜಿ-ಎಚ್ ಎಂದು ಪ್ರತಿ ಸಲ ಬರೆಯುವ ಬದಲು ‘ನಾಲ್ಕಕ್ಷರ’ ಎಂದು ಕರೆದಿದೆ.

ಈ ಗುಂಪಿನ ಮುಖ್ಯ ಪದಗಳು ಯಾವುವು?

ಮೊದಲು ಒಂದೊಂದೇ ಅಕ್ಷರ ಸೇರಿಸಿ ನೋಡೋಣ. ನಾಲ್ಕಕ್ಷರದ ಎಡಕ್ಕೆ ಟಿ ಇಟ್ಟರೆ ‘ಟಫ್’, ಅಂದರೆ ಗಟ್ಟಿ, ಕಠಿಣ. ಆರ್ ಇಟ್ಟರೆ ‘ರಫ್’, ಒರಟು. ಸಿ ಇಟ್ಟರೆ ‘ಕಾಫ್’, ಕೆಮ್ಮು. ಡಿ ಇಟ್ಟರೆ ‘ಡೋ’, ನಾದಿದ ಹಿಟ್ಟು. ಹೋಳಿಗೆಗೆ ನಾದಿಡುವ ಕಣಕದಂಥದ್ದು. ಬಿ ಇಟ್ಟರೆ ‘ಬೌ’, ಮರದ ದೊಡ್ಡ ಕೊಂಬೆ. ಎಲ್ ಇಟ್ಟರೆ ‘ಲಾಖ್’, ಐರ್ಲೆಂಡಿನಲ್ಲಿ ಸರೋವರಕ್ಕೆ ಹೇಳುವ ಮಾತು.

ಇನ್ನು ಎರಡು ಅಕ್ಷರ ಸೇರಿಸಿದರೆ: ಟಿ-ಎಚ್ ‘ದೋ’ (ಆದರೂ), ಪಿ-ಎಲ್ ‘ಪ್ಲೌ’ (ನೇಗಿಲು), ಟಿ-ಆರ್ ‘ಟ್ರಾಫ್’ (ದನಕರುಗಳಿಗೆ ನೀರು, ಮೇವು ಹಾಕುವ ಬಾನಿ), ಸಿ-ಎಚ್ ‘ಚಫ್’ (ಕಾಗೆಯ ಕುಲದ ಒಂದು ಹಕ್ಕಿ). ಟಿ-ಎಚ್-ಆರ್ ಎಂದು ಮೂರು ಅಕ್ಷರ ಸೇರಿಸಿದರೆ ‘ಥ್ರೂ’ (ಮೂಲಕ). ನಾಲ್ಕಕ್ಷರದ ಬಲಕ್ಕೆ ಟಿ ಬಂದರೆ ಇನ್ನೊಂದು ದೊಡ್ಡ ಗುಂಪೇ ಇದೆ: ಥಾಟ್, ಬಾಟ್, ಬ್ರಾಟ್, ಫಾಟ್, ಸಾಟ್, ಆಟ್.

ಒಟ್ಟು ಎಷ್ಟು ಬಗೆಯ ಉಚ್ಚಾರಣೆಗಳಿವೆ?

ಅಪರೂಪದ ಪದಗಳನ್ನೂ ಲೆಕ್ಕಕ್ಕೆ ಹಿಡಿದರೆ ಒಂಬತ್ತು. ‘ದೋ’ದಲ್ಲಿ ಓ, ‘ಥ್ರೂ’ದಲ್ಲಿ ಊ, ‘ಪ್ಲೌ’ದಲ್ಲಿ ಔ, ‘ಟಫ್’ನಲ್ಲಿ ಅಫ್, ‘ಕಾಫ್’ನಲ್ಲಿ ಆಫ್, ‘ಥಾಟ್’ನಲ್ಲಿ ಬಾಯಿ ದುಂಡಗೆ ಮಾಡಿ ಹೇಳುವ ಆ, ಕೂಲಂಕಷ ಎಂಬ ಅರ್ಥದ ಬ್ರಿಟಿಷರ ‘ಥರ’ದ ಕೊನೆಯಲ್ಲಿ ಬರಿಯ ಅ, ಬಿಕ್ಕಳಿಕೆ ಎಂಬ ಅರ್ಥದ ‘ಹಿಕಪ್’ನಲ್ಲಿ ಅಪ್, ‘ಲಾಖ್’ನಲ್ಲಿ ಗಂಟಲಿನಿಂದ ಬರುವ ಆಖ್. ದಿನನಿತ್ಯದ ಓದಿಗೆ ಮೊದಲ ಏಳು ಸಾಕು.

ಓದುವುದಕ್ಕೆ ಏನಾದರೂ ನಿಯಮವಿದೆಯೇ?

ನಂಬಬಹುದಾದ ನಿಯಮ ಒಂದೇ ಒಂದು. ನಾಲ್ಕಕ್ಷರದ ಬೆನ್ನಿಗೇ ಟಿ ಬಂದರೆ ‘ಆಟ್’ ಎಂದು ಓದಬೇಕು. ಇದಕ್ಕೆ ಹೊರತಾದವು ಎರಡು: ಬರಗಾಲ ಎಂಬ ಅರ್ಥದ ‘ಡ್ರೌಟ್’ ಮತ್ತು ಧೀರ, ಎದೆಗಾರ ಎಂಬ ಅರ್ಥದ ‘ಡೌಟಿ’. ಎರಡನೆಯದು ಹಳೆಯ ಕಥೆ ಕಾವ್ಯಗಳ ಪದ. ಸಂದೇಹ ಎಂಬ ಅರ್ಥದ ‘ಡೌಟ್’ಗೂ ಅದಕ್ಕೂ ಸಂಬಂಧವಿಲ್ಲ.

ಟಿ ಇಲ್ಲದಿದ್ದರೆ ನಿಯಮ ಹುಡುಕುತ್ತ ಕೂರಬೇಡಿ. ‘ಫ್’ ಸದ್ದಿನಿಂದ ಮುಗಿಯುವವು ಬೆರಳೆಣಿಕೆಯಷ್ಟು: ಟಫ್, ರಫ್, ಇನಫ್, ಕಾಫ್, ಟ್ರಾಫ್, ಚಫ್ ಮತ್ತು ಪೊರೆ ಕಳಚುವ ಅರ್ಥದ ಸ್ಲಫ್. ಇವಿಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಉಳಿದವುಗಳಲ್ಲಿ ಜಿ-ಎಚ್ ಬಹುಮಟ್ಟಿಗೆ ಮೌನವೆಂದೇ ತಿಳಿಯಬಹುದು. ಇಷ್ಟರಿಂದಲೇ ಅರ್ಧಕ್ಕಿಂತ ಹೆಚ್ಚು ತಪ್ಪುಗಳು ನಿಲ್ಲುತ್ತವೆ.

ಉಚ್ಚರಿಸದ ಅಕ್ಷರಗಳನ್ನು ಬರೆಯುವುದಾದರೂ ಏಕೆ?

ಏಕೆಂದರೆ ಒಂದು ಕಾಲದಲ್ಲಿ ಅವನ್ನು ಉಚ್ಚರಿಸುತ್ತಿದ್ದರು. ಈ ಪುಟದ ಜೀವಾಳವೇ ಈ ಉತ್ತರವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಗಂಟಲಿನ ಮೇಲ್ಭಾಗದಲ್ಲಿ ಉಸಿರು ಉಜ್ಜಿಕೊಂಡು ಬರುವ ಒಂದು ಸದ್ದಿತ್ತು. ಉರ್ದು ಬಲ್ಲವರು ‘ಖಬರ್’, ‘ಖಾನ್’ ಎನ್ನುವಾಗ ಕೇಳುವ ಸದ್ದು ಅದು. ಬೀದರ್, ಕಲಬುರಗಿ ಕಡೆಯವರಿಗೆ ಕಿವಿಯಲ್ಲೇ ಇರುವ ಧ್ವನಿ. ಆಗ ‘ಥ್ರೂ’ ಎಂಬುದನ್ನು ‘ಥುರ್ಖ್’ ಎನ್ನುತ್ತಿದ್ದರು, ‘ಇನಫ್’ ಎಂಬುದನ್ನು ಸುಮಾರಾಗಿ ‘ಯೆನೋಖ್’ ಎನ್ನುತ್ತಿದ್ದರು. ಆ ಸದ್ದಿಗೆ ಬರಿಯ ಎಚ್ ಬರೆದರೆ ಸಾಕಾಗಿತ್ತು.

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಡಳಿತ ಅವರ ಕೈಗೆ ಹೋಯಿತು. ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಬರಹಗಾರರು ಇಂಗ್ಲಿಷ್ ಬರೆಯುವ ರೀತಿಯನ್ನೇ ಬದಲಿಸಿದರು. ದೀರ್ಘ ‘ಊ’ಕಾರಕ್ಕೆ ಓ-ಯು ಬಂತು. ಗಂಟಲಿನ ಸದ್ದಿಗೆ ಮೊದಲು ‘ಯೋಗ್’ ಎಂಬ ಅಕ್ಷರ ಬಳಕೆಯಲ್ಲಿತ್ತು, ಆಮೇಲೆ ಜಿ-ಎಚ್ ಜೋಡಿ ಅದರ ಜಾಗದಲ್ಲಿ ಕುಳಿತಿತು. ನಾಲ್ಕಕ್ಷರ ಹುಟ್ಟಿದ್ದು ಹೀಗೆ. ಹುಟ್ಟಿದಾಗ ಅದು ಪ್ರಾಮಾಣಿಕ ಬರಹವೇ ಆಗಿತ್ತು.

1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಅಚ್ಚಿನ ಮೊಳೆಗಳ ಜೊತೆ ಬರಹವೂ ನಿಧಾನವಾಗಿ ಒಂದು ರೂಪಕ್ಕೆ ಬಂದು ನಿಂತಿತು. ಆದರೆ ಜನರ ಮಾತು ನಿಲ್ಲಲಿಲ್ಲ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು; ಅದೇ ಅವಧಿಯಲ್ಲಿ ಗಂಟಲಿನ ಸದ್ದೂ ಸವೆಯಿತು. ಕೆಲವು ಸೀಮೆಗಳಲ್ಲಿ ಅದು ಪೂರ್ತಿ ಬಿದ್ದುಹೋಯಿತು, ಕೆಲವು ಸೀಮೆಗಳಲ್ಲಿ ‘ಫ್’ ಆಯಿತು. ಸುತ್ತಲಿನ ಎಲ್ಲ ಸೀಮೆಗಳಿಂದಲೂ ಜನ ಬಂದು ಸೇರಿದ ಲಂಡನ್, ಒಂದು ಪದವನ್ನು ಒಂದು ಸೀಮೆಯ ಉಚ್ಚಾರಣೆಯಲ್ಲಿ, ಇನ್ನೊಂದನ್ನು ಇನ್ನೊಂದು ಸೀಮೆಯ ಉಚ್ಚಾರಣೆಯಲ್ಲಿ ಒಪ್ಪಿಕೊಂಡಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟು ಬರುವ ಹೊತ್ತಿಗೆ ಬರಹ ಬಹುಪಾಲು ಗಟ್ಟಿಯಾಗಿತ್ತು, ಮಾತು ಬೇರೆಯೇ ಆಗಿತ್ತು.

ಸೀಮೆಭೇದಕ್ಕೆ ಒಂದು ಸಾಕ್ಷಿ ಇವತ್ತಿಗೂ ಅಡುಗೆಮನೆಯಲ್ಲಿದೆ. ಇಂಗ್ಲೆಂಡಿನಲ್ಲಿ ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಒಂದು ಹಿಟ್ಟಿನ ಸಿಹಿತಿನಿಸಿಗೆ ‘ಡಫ್’ ಎಂದು ಹೆಸರು. ಅದು ಬೇರೆ ಪದವಲ್ಲ. ‘ಡೋ’ ಎಂಬುದನ್ನೇ ಉತ್ತರದ ಜನ ‘ಫ್’ ಹಚ್ಚಿ ಹೇಳುತ್ತಿದ್ದ ರೂಪ.

ಗಂಟಲಿನ ಸದ್ದು ತುಟಿಯ ‘ಫ್’ ಆಗುವುದು ಹೇಗೆ ಸಾಧ್ಯ?

ಗಂಟಲಿಗೂ ತುಟಿಗೂ ದೂರ ಹೆಚ್ಚು, ಆದರೆ ಕಿವಿಗೆ ಆ ಎರಡು ಸದ್ದುಗಳು ಹತ್ತಿರದವು. ಎರಡೂ ಉಸಿರಿನ ಉಜ್ಜುವಿಕೆಯಿಂದಲೇ ಹುಟ್ಟುವಂಥವು. ಹಿಂದೆ ತುಟಿ ದುಂಡಗಾಗುವ ‘ಊ’ದಂಥ ಸ್ವರವಿದ್ದರೆ ಉಜ್ಜುವ ಜಾಗ ಗಂಟಲಿನಿಂದ ತುಟಿಗೆ ಜಾರುವುದು ಇನ್ನೂ ಸುಲಭ.

ನಮ್ಮ ಶಾಸ್ತ್ರದಲ್ಲೇ ಇದಕ್ಕೆ ಸೊಗಸಾದ ಜೋಡಿಯೊಂದಿದೆ. ಸಂಸ್ಕೃತದ ವಿಸರ್ಗ ಕ, ಖ ಅಕ್ಷರಗಳ ಮುಂದೆ ನಾಲಿಗೆಯ ಬುಡದಲ್ಲಿ ಉಜ್ಜುವ ಸದ್ದಾಗುತ್ತದೆ; ಅದಕ್ಕೆ ಜಿಹ್ವಾಮೂಲೀಯ ಎಂದು ಹೆಸರು. ಪ, ಫ ಅಕ್ಷರಗಳ ಮುಂದೆ ಅದೇ ವಿಸರ್ಗ ತುಟಿಗಳ ನಡುವೆ ಉಜ್ಜುವ ಸದ್ದಾಗುತ್ತದೆ, ಅದು ಉಪಧ್ಮಾನೀಯ. ವೇದಪಾಠ ಕಲಿತವರು ‘ಅಂತಃಪುರ’ ಎನ್ನುವುದನ್ನು ಕಿವಿಗೊಟ್ಟು ಕೇಳಿ, ವಿಸರ್ಗದ ಜಾಗದಲ್ಲಿ ನವಿರಾದ ‘ಫ್’ ಕೇಳಿಸುತ್ತದೆ. ಜಿಹ್ವಾಮೂಲೀಯವೇ ಹಳೆಯ ಇಂಗ್ಲಿಷಿನ ಜಿ-ಎಚ್. ಅದು ‘ಫ್’ ಆದದ್ದನ್ನು ಕಂಡು ಕನ್ನಡಿಗರು ಅಚ್ಚರಿಪಡಬೇಕಾಗಿಲ್ಲ.

ಕನ್ನಡದಲ್ಲೂ ಹೀಗೆ ಸದ್ದು ಕಳೆದುಹೋಗಿ ಅಕ್ಷರ ಉಳಿದದ್ದು ಇದೆಯೇ?

ಸದ್ದು ಕಳೆದುಹೋದದ್ದು ಇದೆ, ಆದರೆ ನಾವು ಅಕ್ಷರವನ್ನೂ ಬಿಟ್ಟುಕೊಟ್ಟೆವು. ಹಳಗನ್ನಡದ ೞ ಅಕ್ಷರವನ್ನು ನೆನೆಯಿರಿ. ‘ಬಾೞ್’ ಎಂಬುದು ಬಾಳು ಆಯಿತು, ‘ಕೞ್ತೆ’ ಎಂಬುದು ಕತ್ತೆ ಆಯಿತು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿ ಕೊಟ್ಟ; ಜನರ ಬಾಯಲ್ಲಿ ಅದು ಆಗಲೇ ಬೇರೆ ಸದ್ದುಗಳೊಂದಿಗೆ ಬೆರೆಯತೊಡಗಿತ್ತು. ಮುಂದೆ ಬರಹವೂ ಮಾತಿನ ಹಿಂದೆ ನಡೆಯಿತು. ಇಂಗ್ಲಿಷಿನವರು ನಮ್ಮ ದಾರಿ ಹಿಡಿದಿದ್ದರೆ ‘ಥ್ರೂ’ ಪದದಲ್ಲಿ ಇಂದು ನಾಲ್ಕು ಅಕ್ಷರಗಳಿರುತ್ತಿದ್ದವು, ಏಳಲ್ಲ. ಕನ್ನಡ ಹಿಡಿದ ದಾರಿ ಓದುವವನಿಗೆ ಹೆಚ್ಚು ದಯೆ ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಇಂಗ್ಲಿಷ್ ಹಿಡಿದ ದಾರಿಯಿಂದ ಹಳೆಯ ನಂಟುಗಳು ಕಣ್ಣಿಗೆ ಕಾಣುವಂತೆ ಉಳಿದುಕೊಂಡಿವೆ. ಮುಂದಿನ ಉತ್ತರ ಅದರ ಬಗ್ಗೆಯೇ.

ಈ ಪದಗಳಿಗೂ ಸಂಸ್ಕೃತಕ್ಕೂ ನಂಟಿದೆ ಎನ್ನುತ್ತಾರೆ. ನಿಜವೇ?

ಕೆಲವಕ್ಕೆ ನಿಜವಾಗಿಯೂ ಇದೆ. ಇಂಗ್ಲಿಷ್, ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ಕೊಂಬೆ ಎಂಬ ಅರ್ಥದ ‘ಬೌ’ ಹಳೆಯ ಇಂಗ್ಲಿಷಿನಲ್ಲಿ ಭುಜ, ತೋಳು ಎಂಬ ಅರ್ಥವನ್ನೂ ಹೊತ್ತಿತ್ತು. ಅದು ನಮ್ಮ ‘ಬಾಹು’ವಿನ ಒಡಹುಟ್ಟು. ನಾದಿದ ಹಿಟ್ಟು ಎಂಬ ಅರ್ಥದ ‘ಡೋ’ ಪದದ ಮೂಲಧಾತುವಿಗೆ ಮಣ್ಣನ್ನೋ ಹಿಟ್ಟನ್ನೋ ನಾದಿ ರೂಪ ಕೊಡುವುದು, ಮೆತ್ತುವುದು ಎಂದು ಅರ್ಥ. ಸಂಸ್ಕೃತದಲ್ಲಿ ಅದೇ ಮೂಲದಿಂದ ಬಂದದ್ದು ‘ದೇಹ’. ನಾಲ್ಕಕ್ಷರದ ಗುಂಪಿಗೆ ಸೇರದಿದ್ದರೂ ಜಿ-ಎಚ್ ಇರುವ ‘ಡಾಟರ್’ ಪದಕ್ಕೆ ‘ದುಹಿತೃ’, ಹಗುರ ಎಂಬ ಅರ್ಥದ ‘ಲೈಟ್’ ಪದಕ್ಕೆ ‘ಲಘು’ ಬಂಧುಗಳು. ಬಾಹು, ದೇಹ, ದುಹಿತೃ ಮೂರರಲ್ಲೂ ಇಂಗ್ಲಿಷಿನ ಜಿ-ಎಚ್ ಇರುವ ಕಡೆ ಸಂಸ್ಕೃತದ ‘ಹ’ ಇದೆ, ಲಘುವಿನಲ್ಲಿ ‘ಘ’ವೇ ಇದೆ. ಉಚ್ಚರಿಸದ ಆ ಎರಡು ಅಕ್ಷರಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ ಸಾಲನ್ನು ಕಂಡಾಗಲೇ.

‘ಡೋ’ ಪದದ ಬಳಗ ಇನ್ನೂ ದೊಡ್ಡದು. ಇಂಗ್ಲಿಷಿನ ‘ಲೇಡಿ’ ಮೂಲದಲ್ಲಿ ಎರಡು ತುಂಡಿನ ಪದ: ರೊಟ್ಟಿ, ನಾದುವವಳು. ಮನೆಮಂದಿಗೆಲ್ಲ ರೊಟ್ಟಿಯ ಹಿಟ್ಟು ನಾದುವ ಯಜಮಾನಿತಿ ಎಂದು ಅರ್ಥ. ‘ಲಾರ್ಡ್’ ಅಂದರೆ ಆ ರೊಟ್ಟಿಯನ್ನು ಕಾಯುವವನು.

‘ಕಾಫ್’ ಮತ್ತು ನಮ್ಮ ‘ಕಫ’ ಒಂದೇ ಮೂಲದವೇ?

ಅಲ್ಲ. ‘ಕಾಫ್’ ಕೆಮ್ಮಿನ ಸದ್ದನ್ನು ಅನುಕರಿಸಿ ಹುಟ್ಟಿದ ಪದ, ಹಿಂದೆ ಅದರ ಕೊನೆಯಲ್ಲೂ ಗಂಟಲಿನ ಸದ್ದೇ ಇತ್ತು. ‘ಕಫ’ ಸಂಸ್ಕೃತದ್ದು, ಆಯುರ್ವೇದದ ಮೂರು ದೋಷಗಳಲ್ಲಿ ಒಂದು. ಎರಡೂ ಎದೆಗೆ ಸಂಬಂಧಪಟ್ಟವಾದ್ದರಿಂದ ನಮ್ಮಲ್ಲಿ ಅನೇಕರು ‘ಕಫ್ ಸಿರಪ್’ ಎಂದುಬಿಡುತ್ತಾರೆ. ಇಂಗ್ಲಿಷಿನಲ್ಲಿ ‘ಕಫ್’ ಎಂದರೆ ಅಂಗಿಯ ತೋಳಿನ ತುದಿಪಟ್ಟಿ. ಔಷಧಿ ಅಂಗಡಿಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಪರದೇಶದ ವೈದ್ಯರ ಮುಂದೆ ಮಾತ್ರ ‘ಕಾಫಿ’ಯ ‘ಕಾ’ದಂತೆ ಬಾಯಿ ತೆರೆದು ‘ಕಾಫ್’ ಎನ್ನಿ.

ದೋ, ಥ್ರೂ, ಥರೋ, ಥಾಟ್ ನಾಲ್ಕೂ ಕಲಸಿಹೋಗುತ್ತವೆ. ಹೇಗೆ ಬೇರ್ಪಡಿಸುವುದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪುಗಳಾಗುವುದೂ ಇಲ್ಲೇ. ಒಂದೊಂದಾಗಿ ನೋಡೋಣ.

‘ದೋ’ ಚಿಕ್ಕದು: ಟಿ-ಎಚ್ ಮತ್ತು ನಾಲ್ಕಕ್ಷರ, ಅಷ್ಟೇ. ಕನ್ನಡದಲ್ಲಿ ಕ್ರಿಯಾಪದಕ್ಕೆ ಹಚ್ಚುವ ‘-ಅರೂ’ ಪ್ರತ್ಯಯದ ಕೆಲಸವನ್ನು ಇದು ಮಾಡುತ್ತದೆ. ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಎನ್ನುವಾಗ ನಾವು ನಡುವೆ ‘ಆದರೆ’ ಸೇರಿಸುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ: ವಾಕ್ಯದ ಮೊದಲಲ್ಲಿ ‘ದೋ’ ಬಂದರೆ ನಡುವೆ ‘ಬಟ್’ ಬರಬಾರದು. ಅರ್ಜಿಗಳಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ ಈ ಎರಡನ್ನೂ ಒಟ್ಟಿಗೆ ಬರೆಯುವವರು ಬಹಳ. ಕನ್ನಡದ ವಾಕ್ಯವನ್ನೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡರೆ ಆ ತಪ್ಪಾಗುವುದಿಲ್ಲ. ಮಾತಿನಲ್ಲಿ ‘ದೋ’ ವಾಕ್ಯದ ಕೊನೆಗೂ ಬರುತ್ತದೆ. ಆಗ ‘ಅದೇನೋ ಸರಿ, ಆದರೂ’ ಎಂಬ ಧ್ವನಿ.

‘ಥ್ರೂ’ ಪದದಲ್ಲಿ ಟಿ-ಎಚ್ ಆದ ಮೇಲೆ ಆರ್ ಇದೆ. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುವುದು ಇದರ ಮೂಲ ಅರ್ಥ. ಸುರಂಗದ ಒಳಗಿನಿಂದ, ಕಿಟಕಿಯ ಮೂಲಕ, ಇಡೀ ರಾತ್ರಿ, ಗೆಳೆಯನ ಮುಖಾಂತರ, ಇವೆಲ್ಲಕ್ಕೂ ಇದೇ. ಅಮೆರಿಕದವರು ‘ಮಂಡೇ ಥ್ರೂ ಫ್ರೈಡೇ’ ಎಂದರೆ ಶುಕ್ರವಾರವೂ ಸೇರಿತು ಎಂದು ಅರ್ಥ. ದೂರವಾಣಿಯಲ್ಲಿ ಎಚ್ಚರ ಬೇಕು: ಬ್ರಿಟನ್ನಿನಲ್ಲಿ ‘ಯು ಆರ್ ಥ್ರೂ’ ಎಂದರೆ ಕರೆ ಸಿಕ್ಕಿತು, ಮಾತಾಡಿ ಎಂದು, ಅಮೆರಿಕದಲ್ಲಿ ‘ಐ ಆಮ್ ಥ್ರೂ’ ಎಂದರೆ ನನ್ನದು ಮುಗಿಯಿತು ಎಂದು.

‘ಥರೋ’ ಪದದಲ್ಲಿ ಆರ್‌ನ ಹಿಂದೆಯೂ ಮುಂದೆಯೂ ಓ ಇದೆ. ಕೂಲಂಕಷ, ಪೂರ್ತಿ, ಬಿಡದೆ ಎಂಬ ಅರ್ಥ. ನಮ್ಮ ವಿದ್ಯಾರ್ಥಿಗಳು ‘ಪಾಠ ಥರೋ ಆಗಿದೆ’ ಎನ್ನುವುದು ಇದನ್ನೇ. ಅದು ಅಮೆರಿಕದ ಉಚ್ಚಾರಣೆಗೆ ಹತ್ತಿರ. ಬ್ರಿಟಿಷರು ‘ಥರ’ ಎಂದು ಕೊನೆಯ ಸ್ವರವನ್ನು ನುಂಗುತ್ತಾರೆ. ಈ ಪದ ಮತ್ತು ‘ಥ್ರೂ’ ಮೂಲದಲ್ಲಿ ಒಂದೇ. ಒತ್ತಿ ಹೇಳುವಾಗ ಎರಡು ಉಚ್ಚಾರಾಂಶಗಳಾಗಿ ಎಳೆದ ರೂಪವೇ ಬೇರೆ ಪದವಾಗಿ ನಿಂತಿತು. ಆದ್ದರಿಂದಲೇ ಜನ ಹಾದುಹೋಗುವ ರಸ್ತೆಗೆ ‘ಥರೋಫೇರ್’ ಎನ್ನುತ್ತಾರೆ, ಅಲ್ಲಿ ‘ಥರೋ’ ಎಂದರೆ ‘ಮೂಲಕ’ವೇ. ತೂತು ಎಂಬ ಅರ್ಥದಲ್ಲಿ ಇದೇ ಮೂಲ ಮೂಗಿನ ಹೊಳ್ಳೆಗೆ ಹೇಳುವ ‘ನಾಸ್ಟ್ರಿಲ್’ನ ಎರಡನೆಯ ಅರ್ಧದಲ್ಲಿ ಅಡಗಿದೆ. ಮೈ ಜುಮ್ಮೆನಿಸುವ ‘ಥ್ರಿಲ್’ ಕೂಡ ಮೊದಲು ‘ಚುಚ್ಚಿ ಹಾಯುವುದು’ ಎಂಬ ಅರ್ಥದ್ದೇ.

‘ಥಾಟ್’ನ ಕೊನೆಯಲ್ಲಿ ಟಿ ಇದೆ. ‘ಥಿಂಕ್’ನ ಭೂತಕಾಲ, ಜೊತೆಗೆ ಯೋಚನೆ ಎಂಬ ನಾಮಪದ.

ಉಚ್ಚಾರಣೆಯಲ್ಲಿ ‘ದೋ’ ಒಂದಕ್ಕೆ ಮಾತ್ರ ದಕಾರದ ಸದ್ದು, ಉಳಿದ ಮೂರಕ್ಕೆ ಥಕಾರದ್ದು.

‘ಬಾಟ್’ ಮತ್ತು ‘ಬ್ರಾಟ್’ನಲ್ಲಿ ಯಾವುದು ಕೊಂಡದ್ದು, ಯಾವುದು ತಂದದ್ದು?

ತರುವುದು ‘ಬ್ರಿಂಗ್’. ಅದರಲ್ಲಿ ಆರ್ ಇದೆ, ಆದ್ದರಿಂದ ‘ಬ್ರಾಟ್’ನಲ್ಲೂ ಇದೆ. ಕೊಳ್ಳುವುದು ‘ಬೈ’. ಅದರಲ್ಲಿ ಆರ್ ಇಲ್ಲ, ‘ಬಾಟ್’ನಲ್ಲೂ ಇಲ್ಲ.

‘ಆಟ್’ ಎಂದರೆ ಏನು? ‘ಶುಡ್’ಗೂ ಅದಕ್ಕೂ ವ್ಯತ್ಯಾಸವೇನು?

ಎರಡೂ ‘ಮಾಡಬೇಕು’ ಎಂಬ ಅರ್ಥದವೇ. ‘ಆಟ್’ ಬಂದರೆ ಅದರ ಬೆನ್ನಿಗೆ ‘ಟು’ ಬರಲೇಬೇಕು, ‘ಶುಡ್’ಗೆ ಬರಬಾರದು. ‘ಆಟ್’ನಲ್ಲಿ ಕರ್ತವ್ಯದ ಭಾರ ಸ್ವಲ್ಪ ಹೆಚ್ಚು, ಅದಕ್ಕೆ ಕಾರಣವೂ ಇದೆ. ಸಾಲದಲ್ಲಿರುವುದು ಎಂಬ ಅರ್ಥದ ‘ಓ’ ಎಂಬ ಕ್ರಿಯಾಪದದ ಹಳೆಯ ಭೂತರೂಪ ಇದು. ಕೊಡಬೇಕಾದ್ದು ಬಾಕಿಯಿದೆ ಎಂಬುದರಿಂದ ಮಾಡಬೇಕಾದ್ದು ಬಾಕಿಯಿದೆ ಎಂಬ ಅರ್ಥ ಬಂತು. ದೇವಋಣ, ಪಿತೃಋಣ ಎಂದು ಕರ್ತವ್ಯವನ್ನು ಸಾಲದ ಲೆಕ್ಕದಲ್ಲೇ ಹೇಳುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ರಾಟ್’ ಎಂಬ ಪದ ಕಬ್ಬಿಣಕ್ಕೆ ಮಾತ್ರವೇ?

ಡಬ್ಲ್ಯು-ಆರ್ ಸೇರಿ ಬರುವ ‘ರಾಟ್’ ಕೆಲಸ ಮಾಡು ಎಂಬ ‘ವರ್ಕ್’ನ ಹಳೆಯ ಭೂತರೂಪ. ಕಾಯಿಸಿ ಬಡಿದು ರೂಪಿಸಿದ ಕಬ್ಬಿಣ ‘ರಾಟ್ ಐರನ್’. ಹಳೆಯ ಬಂಗಲೆಗಳ ಗೇಟು, ಕಿಟಕಿ ಸರಳುಗಳ ಬಳ್ಳಿ ವಿನ್ಯಾಸದಲ್ಲಿ ನೋಡಿರುತ್ತೀರಿ. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಕಳುಹಿಸಿದ ಹೆಸರಾಂತ ತಂತಿ ಸಂದೇಶದಲ್ಲಿಯೂ ಈ ಪದವಿತ್ತು. ‘ದೇವರು ಎಂಥದ್ದನ್ನು ಮಾಡಿದ್ದಾನೆ’ ಎಂಬರ್ಥದ ಬೈಬಲ್ಲಿನ ಸಾಲು ಅದು.

‘ಡ್ರೌಟ್’, ‘ಪ್ಲೌ’ ಪದಗಳ ಹಿನ್ನೆಲೆ ಏನು?

‘ಡ್ರೌಟ್’ ಅಂದರೆ ಬರ. ಒಣಗಿದ್ದು ಎಂಬ ‘ಡ್ರೈ’ ಪದಕ್ಕೆ ಪ್ರತ್ಯಯ ಸೇರಿ ಆದದ್ದು, ಅಕ್ಷರಶಃ ‘ಒಣಗುತನ’. ಬರಪೀಡಿತ ತಾಲ್ಲೂಕುಗಳ ಘೋಷಣೆಯ ಸುದ್ದಿಯಲ್ಲಿ ಇದನ್ನು ‘ಡ್ರಾಟ್’ ಎಂದು ಓದುವುದು ಕೇಳಿಬರುತ್ತದೆ. ‘ಹೌ’, ‘ನೌ’ಗಳ ಹಾಗೆ ಔಕಾರ ಹಚ್ಚಬೇಕು.

‘ಪ್ಲೌ’ ಇಂಗ್ಲಿಷಿಗೆ ವೈಕಿಂಗರ ನಾರ್ಸ್ ಭಾಷೆಯ ಕಡೆಯಿಂದ ಬಂತು, ಮೊದಮೊದಲು ನೆಲದ ಅಳತೆಯ ಹೆಸರಾಗಿತ್ತು. ಉಳುವ ಸಾಧನಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬೇರೆಯೇ ಪದವಿತ್ತು, ಅದು ಅಳಿದುಹೋಯಿತು. ಉತ್ತರ ಕರ್ನಾಟಕದಲ್ಲಿ ಬಿತ್ತುವ ಕೂರಿಗೆಯೇ ಹೊಲದ ಅಳತೆಯೂ ಆಗಿರುವುದು ಇದಕ್ಕೆ ಹತ್ತಿರದ ಸಂಗತಿ. ಬ್ರಿಟನ್ನಿನಲ್ಲಿ ಆಕಾಶದ ಸಪ್ತರ್ಷಿ ಮಂಡಲಕ್ಕೂ ‘ಪ್ಲೌ’ ಎಂದೇ ಹೆಸರು. ಅಮೆರಿಕದಲ್ಲಿ ಯು-ಜಿ-ಎಚ್ ತೆಗೆದು ಕೊನೆಗೆ ಡಬ್ಲ್ಯು ಇಟ್ಟು ಬರೆಯುತ್ತಾರೆ.

ಎಸ್-ಎಲ್ ಸೇರಿದ ಪದವನ್ನು ಒಬ್ಬರು ‘ಸ್ಲೌ’ ಎನ್ನುತ್ತಾರೆ, ಒಬ್ಬರು ‘ಸ್ಲಫ್’ ಎನ್ನುತ್ತಾರೆ. ಯಾವುದು ಸರಿ?

ಅವು ಎರಡು ಬೇರೆ ಪದಗಳು, ಬರಹ ಮಾತ್ರ ಒಂದೇ. ಕೆಸರುಗುಂಡಿ ಎಂಬ ಅರ್ಥದಲ್ಲಿ ಬ್ರಿಟಿಷರು ‘ಸ್ಲೌ’ ಎನ್ನುತ್ತಾರೆ, ಅಮೆರಿಕದವರು ‘ಸ್ಲೂ’ ಎನ್ನುತ್ತಾರೆ. ಹಾವಿನ ಪೊರೆ, ಪೊರೆ ಕಳಚುವುದು ಎಂಬ ಅರ್ಥದಲ್ಲಿ ಎಲ್ಲರೂ ‘ಸ್ಲಫ್’ ಎನ್ನುತ್ತಾರೆ. ಗಾಯದ ಮೇಲಿನ ಸತ್ತ ಚರ್ಮ ಉದುರುವುದಕ್ಕೆ ವೈದ್ಯರು ಬಳಸುವುದು ಈ ಎರಡನೆಯದನ್ನೇ. ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೋ ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ಊರು ‘ಸ್ಲೌ’. ಅಲ್ಲಿ ಭಾರತ ಮೂಲದವರು ಬಹಳ ಮಂದಿ ಇದ್ದಾರೆ. ಮನೆ ಹುಡುಕುವಾಗ ‘ಸ್ಲಫ್’ ಎಂದು ಕೇಳಬೇಡಿ.

ಊರು ಮತ್ತು ಜನರ ಹೆಸರುಗಳನ್ನು ಹೇಗೆ ಓದುವುದು?

ಹೆಸರಿಗೆ ಅದನ್ನು ಹೊತ್ತವರು ಹೇಳಿದ್ದೇ ಉಚ್ಚಾರಣೆ. ಇಂಗ್ಲೆಂಡಿನ ವೇಗದ ಬೌಲರ್ ಡ್ಯಾರೆನ್ ಅವರ ಅಡ್ಡಹೆಸರು ‘ಗಾಫ್’, ‘ಗೌ’ ಅಲ್ಲ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ತಂಡಕ್ಕೆ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ತರಬೇತುದಾರ ಬ್ರಯಾನ್ ‘ಕ್ಲಫ್’. ಕ್ರೀಡಾ ಶಿಕ್ಷಣಕ್ಕೆ ಹೆಸರಾದ ವಿಶ್ವವಿದ್ಯಾಲಯವಿರುವ ‘ಲಫ್‌ಬರ’ ಎಂಬ ಊರಿನ ಹೆಸರಿನಲ್ಲಂತೂ ನಾಲ್ಕಕ್ಷರ ಎರಡು ಸಲ ಬರುತ್ತದೆ, ಒಮ್ಮೆ ‘ಅಫ್’ ಎಂದು, ಇನ್ನೊಮ್ಮೆ ‘ಅ’ ಎಂದು.

ಆ ಕೊನೆಯ ‘ಬರ’ ಕೋಟೆ ಕಟ್ಟಿದ ಊರು ಎಂಬ ಅರ್ಥದ ಹಳೆಯ ಪದ. ಜರ್ಮನಿಯ ಹ್ಯಾಂಬರ್ಗ್‌ನ ‘ಬರ್ಗ್’, ಎಡಿನ್‌ಬರದ ‘ಬರ’, ಕ್ಯಾಂಟರ್‌ಬರಿಯ ‘ಬರಿ’ ಎಲ್ಲವೂ ಅದರ ಬಂಧುಗಳೇ. ನ್ಯೂಯಾರ್ಕ್ ನಗರದ ಐದು ಆಡಳಿತ ವಿಭಾಗಗಳಾದ ಮ್ಯಾನ್‌ಹಟನ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್, ಸ್ಟ್ಯಾಟನ್ ಐಲೆಂಡ್‌ಗಳಿಗೆ ಹೇಳುವುದೂ ಇದನ್ನೇ, ಆದರೆ ಅಲ್ಲಿನವರ ಬಾಯಲ್ಲಿ ಅದು ‘ಬರೋ’.

‘ಹಿಕಪ್’ ಮತ್ತು ‘ಫರ್ಲೋ’ ಈ ಗುಂಪಿಗೆ ಸೇರಿದ್ದು ಹೇಗೆ?

ಹಳೆಯ ಸದ್ದಿನಿಂದಲ್ಲ, ನಂತರದ ಬರಹದಿಂದ. ಬಿಕ್ಕಳಿಕೆಗೆ ‘ಹಿಕಪ್’ ಎಂಬುದು ಸದ್ದಿನ ಅನುಕರಣೆ. ಅದರ ಕೊನೆಯ ಭಾಗ ‘ಕಾಫ್’ ಇರಬಹುದೆಂದು ಭಾವಿಸಿ ಯಾರೋ ನಾಲ್ಕಕ್ಷರ ಸೇರಿಸಿದರು, ಉಚ್ಚಾರಣೆ ಮಾತ್ರ ಬದಲಾಗಲಿಲ್ಲ. ಈಗ ಕೊನೆಗೆ ಯು-ಪಿ ಇಟ್ಟು ಬರೆಯುವುದೇ ಹೆಚ್ಚು, ಅದೇ ಮೂಲಕ್ಕೂ ಹತ್ತಿರ. ‘ಫರ್ಲೋ’ ಡಚ್ ಭಾಷೆಯಿಂದ ಬಂದ ಸೈನಿಕರ ರಜೆಯ ಪದ. ನಮ್ಮ ಪತ್ರಿಕೆಗಳಲ್ಲಿ ಸಜಾ ಕೈದಿಗಳ ಬಿಡುವಿನ ಸಂದರ್ಭದಲ್ಲಿ ‘ಪೆರೋಲ್’ ಜೊತೆಗೆ ಕಾಣುತ್ತದೆ. 2020ರ ಕೊರೊನಾ ಕಾಲದಲ್ಲಿ ಬ್ರಿಟನ್ ಸರ್ಕಾರ ಕೆಲಸವಿಲ್ಲದೆ ಮನೆಯಲ್ಲಿದ್ದ ನೌಕರರ ಸಂಬಳದ ಭಾಗ ಕೊಟ್ಟ ಯೋಜನೆಯನ್ನೂ ಜನ ಇದೇ ಹೆಸರಿನಿಂದ ಕರೆದರು.

ಈ ಬರಹವನ್ನು ಸರಿಪಡಿಸಲು ಯಾರೂ ಯತ್ನಿಸಲಿಲ್ಲವೇ?

ಯತ್ನಿಸಿದರು. 1906ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯವರ ಹಣದಿಂದ ಅಮೆರಿಕದಲ್ಲಿ ಸರಳ ಬರಹದ ಮಂಡಳಿಯೊಂದು ಹುಟ್ಟಿತು. 300 ಪದಗಳ ಪಟ್ಟಿ ಕೊಟ್ಟಿತು. ದೋ, ಥ್ರೂ, ಥರೋ ಮೂರಕ್ಕೂ ಜಿ-ಎಚ್ ಇಲ್ಲದ ರೂಪಗಳು ಅದರಲ್ಲಿದ್ದವು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದೇ ವರ್ಷ ಸರ್ಕಾರಿ ಮುದ್ರಣಕ್ಕೆ ಆ ಪಟ್ಟಿಯನ್ನು ಬಳಸುವಂತೆ ಆದೇಶಿಸಿದರು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ಒಪ್ಪಲಿಲ್ಲ, ವರ್ಷ ಮುಗಿಯುವುದರೊಳಗೆ ಅವರು ಹಿಂದೆ ಸರಿದರು. ಶಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಲ್ಲಿ ಸರಳ ಬರಹಗಳನ್ನು ಕೈಗೆತ್ತಿಕೊಂಡಿತು, 1975ರಲ್ಲಿ ಅದೂ ಕೈಬಿಟ್ಟಿತು. ಉಳಿದುಕೊಂಡದ್ದು ಅಂಗಡಿ ಫಲಕಗಳಲ್ಲಿ: ಅಮೆರಿಕದವರ ‘ಡೋನಟ್’ನಲ್ಲಿ ಜಿ-ಎಚ್ ಹೋಗಿದೆ, ಬೆಂಗಳೂರಿನ ಹೆದ್ದಾರಿಗಳಲ್ಲೂ ಕಾಣುವ ‘ಡ್ರೈವ್ ಥ್ರೂ’ ಫಲಕಗಳಲ್ಲಿ ಟಿ-ಎಚ್-ಆರ್-ಯು ಎಂದಷ್ಟೇ ಇರುತ್ತದೆ. ಪರೀಕ್ಷೆಯಲ್ಲಿ, ಕಚೇರಿಯ ಪತ್ರದಲ್ಲಿ ಮಾತ್ರ ಪೂರ್ತಿ ಬರಹವನ್ನೇ ಬಳಸಿ.

ಜಿ-ಎಚ್-ಓ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದಂತೆ. ಬರ್ನಾರ್ಡ್ ಷಾ ಹೇಳಿದ್ದೇ?

‘ಟಫ್’ನ ಜಿ-ಎಚ್ ಅಂದರೆ ಫ್, ‘ವಿಮೆನ್’ನ ಓ ಅಂದರೆ ಇ, ‘ನೇಷನ್’ನ ಟಿ-ಐ ಅಂದರೆ ಶ್ ಎಂಬ ಚಮತ್ಕಾರ ಅದು. ಷಾ ಅವರ ಹೆಸರಿನಲ್ಲಿ ಓಡಾಡುತ್ತದೆ, ಆದರೆ ಅವರು ಹುಟ್ಟಿದ್ದು 1856ರಲ್ಲಿ. ಈ ಮಾತು 1855ರ ಒಂದು ಪತ್ರದಲ್ಲೇ ಸಿಗುತ್ತದೆ. ಮೇಲಾಗಿ ಪದದ ಮೊದಲಲ್ಲಿ ಬರುವ ಜಿ-ಎಚ್ ಇಂಗ್ಲಿಷಿನಲ್ಲಿ ಎಂದೂ ‘ಫ್’ ಆಗುವುದಿಲ್ಲ, ‘ಘೋಸ್ಟ್’ನ ಹಾಗೆ ಗಕಾರವೇ.

‘ಕಾಟ್’, ‘ಟಾಟ್’, ‘ಡಾಟರ್’ ಪದಗಳಲ್ಲೂ ಇದೇ ನಾಲ್ಕಕ್ಷರವೇ?

ಅಲ್ಲ, ಅಲ್ಲಿ ಓ ಬದಲು ಎ ಇದೆ. ಹಿಡಿದದ್ದು, ಕಲಿಸಿದ್ದು, ಮಗಳು, ಈ ಮೂರಕ್ಕೆ ಎ. ಸದ್ದು ‘ಬಾಟ್’ನಂತೆಯೇ ಇರುವುದರಿಂದ ಓ ಬರೆಯುವ ತಪ್ಪು ತೀರಾ ಸಾಮಾನ್ಯ. ‘ಕ್ಯಾಚ್’, ‘ಟೀಚ್’ ಎರಡರಲ್ಲೂ ಎ ಇದೆಯಲ್ಲ ಎಂದು ನೆನಪಿಟ್ಟರೆ ಸಾಕು.

ಮಕ್ಕಳಿಗೆ ಇದನ್ನು ಹೇಗೆ ಕಲಿಸಬೇಕು?

ಇಡೀ ಪಟ್ಟಿಯನ್ನು ಒಂದೇ ದಿನ ಕರಿಹಲಗೆಯ ಮೇಲೆ ಬರೆದು ಹೆದರಿಸಬಾರದು. ‘ನೋಡಿ, ಇಂಗ್ಲಿಷ್ ಎಷ್ಟು ವಿಚಿತ್ರ’ ಎಂದು ಎಲ್ಲವನ್ನೂ ಒಟ್ಟಿಗೆ ಎದುರಿಗಿಟ್ಟರೆ ಮಗುವಿನ ತಲೆಯಲ್ಲಿ ಉಳಿಯುವುದು ಗೊಂದಲವೇ. ಉಚ್ಚಾರಣೆ ಒಂದೇ ಇರುವವನ್ನು ಒಟ್ಟಿಗೆ ಕಲಿಸಿ: ಈ ವಾರ ಬಾಟ್, ಬ್ರಾಟ್, ಥಾಟ್, ಫಾಟ್, ಅವು ಗಟ್ಟಿಯಾದ ಮೇಲೆ ಟಫ್, ರಫ್, ಇನಫ್, ಆಮೇಲೆ ದೋ ಮತ್ತು ಆಲ್‌ದೋ, ‘ಥ್ರೂ’ ಒಂಟಿ ಪದ, ಅದನ್ನು ಒಂಟಿಯಾಗಿಯೇ. ಮಕ್ಕಳಿಗೆ ಆಗಲೇ ಗೊತ್ತಿರುವ ‘ರಫ್ ಬುಕ್’ನಿಂದ ಶುರುಮಾಡಿದರೆ ಒಳ್ಳೆಯದು. ಪದವನ್ನು ಜೋರಾಗಿ ಹೇಳಿಸಿ, ಕೂಡಲೇ ಬರೆಸಿ, ಕನ್ನಡದ ಅರ್ಥವನ್ನೂ ಅದೇ ಸಾಲಿನಲ್ಲಿ ಬರೆಸಿ. ಸ್ವಲ್ಪ ದೊಡ್ಡ ಮಕ್ಕಳಾದರೆ ಗಂಟಲಿನ ಆ ಹಳೆಯ ಸದ್ದನ್ನು ಒಮ್ಮೆ ಮಾಡಿ ತೋರಿಸಿ. ತಾವೂ ಮಾಡಿ ನಗುತ್ತಾರೆ, ಜಿ-ಎಚ್ ಬರೆಯುವುದನ್ನು ಆಮೇಲೆ ಮರೆಯುವುದಿಲ್ಲ. ಚಫ್, ಲಾಖ್, ಡೌಟಿ ಮುಂತಾದವನ್ನು ಪ್ರೌಢಶಾಲೆ ಮುಗಿಯುವವರೆಗೆ ಮುಟ್ಟಬೇಕಾಗಿಲ್ಲ.